ಎರಡನೆಯ ತಂತಿಯ ತಕರಾರು: ಗಿಟಾರಿನ ಒಳಗಿನ ಪಿಕಪ್, ಎದುರಿನ ಮೈಕ್

ನನ್ನ ಅಕೂಸ್ಟಿಕ್ ಗಿಟಾರಿನ ಎರಡನೆಯ ತಂತಿ ಬರಿಗಿವಿಗೆ ಉಳಿದ ಐದರಷ್ಟೇ ಚೆನ್ನಾಗಿ ನುಡಿಯುತ್ತದೆ. ಕೇಬಲ್ ಸಿಕ್ಕಿಸಿ ಸ್ಪೀಕರಿನಲ್ಲಿ ಕೇಳಿದರೆ ಮಾತ್ರ ಅದು ಹಿಂದೆ ಸರಿದು ನಿಲ್ಲುತ್ತಿತ್ತು. ಮೂರನೆಯ ತಂತಿಯಿಂದ ಮೊದಲನೆಯದಕ್ಕೆ ಏರುವ ಸ್ವರಸಾಲಿನಲ್ಲಿ ನಡುವಿನ ಸ್ವರಗಳು ಮಂಕಾಗುತ್ತಿದ್ದವು. ಆ ತಂತಿಯನ್ನು ಬೇಕೆಂದೇ ಜೋರಾಗಿ ಮೀಟಿ ಮೀಟಿ ನನ್ನ ಉಂಗುರಬೆರಳಿನ ಸ್ಪರ್ಶವೇ ಬದಲಾಯಿತು. ಬೆರಳಿನಿಂದ ಮೆಲ್ಲಗೆ ನುಡಿಸುವವರಿಗೆ ಇದಕ್ಕಿಂತ ದೊಡ್ಡ ಕಿರಿಕಿರಿ ಇನ್ನೊಂದಿಲ್ಲ. ಈಕ್ವಲೈಸರಿನ ಗುಂಡಿಗಳನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗದು. ಅವು ಧ್ವನಿಯ ಬಣ್ಣವನ್ನು ಬದಲಾಯಿಸುತ್ತವೆಯೇ ಹೊರತು ಒಂದು ತಂತಿಯನ್ನು ಬೇರೆ ಮಾಡಿ ಎತ್ತುವುದಿಲ್ಲ.

ಈ ಗಿಟಾರಿನಲ್ಲಿರುವುದು ಕಾರ್ಖಾನೆಯಲ್ಲೇ ಕೂರಿಸಿದ ಪೀಜೊ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ. ಒಡಲ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್ ಮೇಲೆ ಅವು ಹಾದುಹೋಗುವ ಬಿಳಿ ಪಟ್ಟಿ, ಅಂದರೆ ಸ್ಯಾಡಲ್, ಅದರ ಅಡಿಯಲ್ಲಿ ತೆಳುವಾದ ಎಳೆಯಂತೆ ಮಲಗಿರುತ್ತದೆ. ತಂತಿ ಅದುರಿದಂತೆಲ್ಲ ಸ್ಯಾಡಲ್ ಅದನ್ನು ಒತ್ತುತ್ತದೆ, ಒತ್ತಡ ವಿದ್ಯುತ್ತಾಗುತ್ತದೆ. ಕೆಲವು ಹರಳುಗಳ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ತೋರಿಸಿಕೊಟ್ಟಿದ್ದರು. ಎಲ್ಲವೂ ಒತ್ತಡದ ಮೇಲೆ ನಿಂತಿರುವುದರಿಂದ ಸ್ಯಾಡಲಿನ ತಳ ಕೂದಲೆಳೆಯಷ್ಟು ಓರೆಯಾದರೂ, ಅದು ಕೂರುವ ಸೀಳಿನಲ್ಲಿ ಒಂದು ಚೂರು ಮರದ ಪುಡಿ ಸಿಕ್ಕಿಕೊಂಡಿದ್ದರೂ ಅಲ್ಲಿಯ ತಂತಿ ಸೊರಗುತ್ತದೆ. ಗಿಟಾರ್ ದುರಸ್ತಿ ಮಾಡುವವರು ಸ್ಯಾಡಲನ್ನು ಹೊರತೆಗೆದು, ಗಾಜಿನ ಮೇಲೆ ಉಜ್ಜುಕಾಗದ ಹರಡಿ ತಳವನ್ನು ಮಟ್ಟಸ ಮಾಡಿ, ಸೀಳನ್ನು ಒರೆಸಿ ಮತ್ತೆ ಕೂರಿಸಿದರು. ಎರಡನೆಯ ತಂತಿ ಮರಳಿ ಬಂತು. ಇಷ್ಟು ಸಣ್ಣ ಕೆಲಸವನ್ನು ಕಾರ್ಖಾನೆಯಲ್ಲೇ ಯಾಕೆ ಮಾಡಿರಲಿಲ್ಲ ಎಂಬ ಸಿಟ್ಟು ಇನ್ನೂ ಹೋಗಿಲ್ಲ. ಪಿಕಪ್ ಇರುವ ಗಿಟಾರ್ ಕೊಳ್ಳುವವರು ಅಂಗಡಿಯಲ್ಲಿ ಬರಿಗಿವಿಗೆ ನುಡಿಸಿ ಒಪ್ಪಿಕೊಳ್ಳಬೇಡಿ. ಕೇಬಲ್ ಸಿಕ್ಕಿಸಿ ಒಂದೊಂದೇ ತಂತಿಯನ್ನು ಒಂದೇ ಬಲದಲ್ಲಿ ಮೀಟಿ ಕೇಳಿ.

ತಂತಿಗಳು ಸಮವಾದ ಮೇಲೆ ಪಿಕಪ್‌ನ ನಿಜವಾದ ಸ್ವಭಾವ ಕೇಳತೊಡಗಿತು. ಮೆಲ್ಲಗೆ ನುಡಿಸಿದಾಗ ಚೊಕ್ಕವಾಗಿದೆ. ಬೆರಳಿನ ಬದಲು ಮೀಟುವ ಚೂರು, ಅಂದರೆ ಪಿಕ್ ಹಿಡಿದು ಆರೂ ತಂತಿಗಳನ್ನು ಜೋರಾಗಿ ಎಳೆದರೆ ಪ್ರತಿ ಹೊಡೆತದ ಮೊದಲ ಕ್ಷಣದಲ್ಲಿ ಒಂದು ಗಡಸು ‘ಕ್ವಾಕ್’ ಕೇಳಿಸುತ್ತದೆ. ಮರದ ಸದ್ದಲ್ಲ, ಪ್ಲಾಸ್ಟಿಕ್ಕಿನ ಸದ್ದು. ಗಿಟಾರಿನ ನಾದ ಎಂದು ನಾವು ಕರೆಯುವುದು ಮುಂಭಾಗದ ಹಲಗೆ, ಒಳಗಿನ ಗಾಳಿ, ಬೆನ್ನಿನ ಮರ ಎಲ್ಲ ಸೇರಿ ಹೊರಗಿನ ಗಾಳಿಯಲ್ಲಿ ಬೆರೆತ ಮೇಲೆ ಹುಟ್ಟುವಂಥದ್ದು. ಸ್ಯಾಡಲ್ ಅಡಿಯ ಪಿಕಪ್‌ಗೆ ಆ ಬೆರಕೆಯಲ್ಲಿ ಬಹುಪಾಲು ಸಿಗುವುದೇ ಇಲ್ಲ. ಹಾಡುವವರ ದವಡೆಗೆ ಕಿವಿ ಒತ್ತಿ ಹಾಡು ಕೇಳಿದಂತೆ ಅದರ ಕೇಳ್ಮೆ.

ಹಾಗಾಗಿ ಮೈಕಿನ ಕಡೆ ಹೊರಳಿದೆ. ಚಿಕ್ಕ ಡಯಾಫ್ರಮಿನ ಒಂದು ಕಂಡೆನ್ಸರ್ ಮೈಕ್, ಕೇಬಲಿನ ಮೂಲಕವೇ ಮೈಕಿಗೆ ಹೋಗುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್ ಬೇಡುವಂಥದ್ದು. ಅದನ್ನು ನಿಲ್ಲಿಸುವ ಕೆಲಸ ಈಗ ನನಗೆ ಶ್ರುತಿ ಮಾಡಿಕೊಳ್ಳುವಷ್ಟೇ ಪ್ರಿಯವಾಗಿದೆ. ಮೊದಲು ಕುರ್ಚಿ, ಆಮೇಲೆ ಗಿಟಾರ್, ಕೊನೆಗೆ ಮೈಕ್. ಈ ಕ್ರಮವನ್ನು ತಪ್ಪಿಸುವುದಿಲ್ಲ. ಕುತ್ತಿಗೆ ಒಡಲಿಗೆ ಸೇರುವ ಜಾಗದ, ಅಂದರೆ ಕುತ್ತಿಗೆಯ ಅಡ್ಡಗೆರೆಗಳಾದ ಫ್ರೆಟ್‌ಗಳಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯದರ ನಡುವಿನ ನೇರಕ್ಕೆ, ಒಂದು ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ ಇಡುತ್ತೇನೆ. ದುಂಡು ರಂಧ್ರಕ್ಕೆ ನೇರ ಹಿಡಿದರೆ ಒಳಗಿನ ಗಾಳಿಯ ಗುಮ್ಮೆನ್ನುವ ಸದ್ದೇ ತುಂಬಿಕೊಳ್ಳುತ್ತದೆ. ತೀರ ಹತ್ತಿರ ತಂದರೆ, ಒಂದೇ ದಿಕ್ಕಿಗೆ ಕಿವಿಗೊಡುವ ಮೈಕುಗಳ ಗುಣವೇ ಹಾಗೆ, ಮಂದ್ರ ಇನ್ನಷ್ಟು ಉಬ್ಬುತ್ತದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಸ್ವರವನ್ನು ನುಡಿಸುತ್ತಾ ನಾನೇ ಕುರ್ಚಿಯಲ್ಲಿ ಎರಡು ಬೆರಳಿನಷ್ಟು ಅತ್ತಿತ್ತ ಸರಿಯುತ್ತೇನೆ. ಯಾವುದೋ ಒಂದು ಸ್ಥಾನದಲ್ಲಿ ಆರನೆಯ ತಂತಿ ಬಿಗಿಯಾಗುತ್ತದೆ, ಮೊದಲನೆಯದು ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ.

ನಿರೀಕ್ಷಿಸದೆ ಸಿಕ್ಕ ಸಂತೋಷವೆಂದರೆ ಸ್ವರವಲ್ಲದ ಸದ್ದುಗಳು. ಸುತ್ತುತಂತಿಯ ಮೇಲೆ ಎಡಗೈ ಬೆರಳು ಜಾರುವ ಉಸಿರಿನಂಥ ಸದ್ದು, ಅಂಗೈ ತಂತಿಗಳ ಮೇಲೆ ಬಂದು ಕೂರುವ ಮೆತ್ತನೆಯ ತಾಳ, ಒಂದು ಸ್ವರ ಆರುವಾಗ ಮರ ಅದನ್ನು ಹಿಡಿದಿಟ್ಟುಕೊಳ್ಳುವ ರೀತಿ. ಪಿಕಪ್‌ನಲ್ಲಿ ಸ್ವರಗಳು ಕೇಳುತ್ತವೆ, ಮೈಕಿನಲ್ಲಿ ನುಡಿಸುವವರೂ ಕೇಳುತ್ತಾರೆ. ನನ್ನ ಬಲಗೈ ಉಗುರುಗಳನ್ನು ಈಗ ಹೆಚ್ಚು ಜಾಗ್ರತೆಯಿಂದ ತೀಡಿಕೊಳ್ಳುತ್ತೇನೆ, ಏಕೆಂದರೆ ಉಗುರಿನ ಅಂಚು ಒರಟಾಗಿದ್ದರೆ ಮೈಕ್ ಅದನ್ನೂ ಹೇಳಿಬಿಡುತ್ತದೆ.

ಆದರೆ ಇದೆಲ್ಲ ಸದ್ದಿಲ್ಲದ ಕೋಣೆಯ ಮಾತು. ಪಕ್ಕದಲ್ಲಿ ಡ್ರಮ್ಸ್ ಇದ್ದರೆ ಮೈಕಿಗೆ ಮೊದಲು ಕೇಳುವುದು ಡ್ರಮ್ಸ್. ಧ್ವನಿ ಏರಿಸಿದರೆ ಸ್ಪೀಕರಿನ ಸದ್ದು ಮೈಕಿಗೆ ಮರಳಿ ಬಂದು ಫೀಡ್‌ಬ್ಯಾಕ್ ಕೂಗು ಏಳುತ್ತದೆ. ಭಾವಪರವಶರಾಗಿ ಮೈಕಿನಿಂದ ಎರಡು ಪಟ್ಟು ದೂರ ಸರಿದರೆ ಸುಮಾರು 6 ಡೆಸಿಬಲ್ ಕಳೆದುಹೋಗುತ್ತದೆ. ಮಿಕ್ಸರ್ ಮುಂದೆ ಕುಳಿತವರು ಅದನ್ನು ತುಂಬಲು ಹೋದರೆ ಮತ್ತೆ ಅದೇ ಕೂಗು. ಮುಂದಿನ ಸದ್ದಿಗೆ ಹೆಚ್ಚು ಕಿವಿಗೊಡುವ ಕಾರ್ಡಿಯಾಯ್ಡ್ ಮೈಕಿನ ಬೆನ್ನ ಹಿಂದೆ ಸರಿಯಾಗಿ ಮಾನಿಟರ್, ಅಂದರೆ ನುಡಿಸುವವರು ತಮ್ಮನ್ನು ಕೇಳಿಕೊಳ್ಳುವ ಸ್ಪೀಕರ್ ಇಟ್ಟರೆ ಸ್ವಲ್ಪ ಉಸಿರಾಡಬಹುದು, ಅಷ್ಟೇ. ಗಾಯಕರ ಜೊತೆ, ನಾಲ್ಕಾರು ವಾದ್ಯಗಳ ನಡುವೆ ನಿಂತು ನುಡಿಸಬೇಕಾದಾಗ ನಾನು ಬೈದ ಪಿಕಪ್‌ನ ಬೆಲೆ ತಿಳಿಯುತ್ತದೆ. ಗಿಟಾರ್ ಹೊತ್ತು ಎಲ್ಲಿ ಬೇಕಾದರೂ ತಿರುಗಬಹುದು, ಪ್ರತಿ ಸ್ವರವೂ ಅದೇ ಮಟ್ಟದಲ್ಲಿ ಹೊರಡುತ್ತದೆ. ಆ ಗದ್ದಲದಲ್ಲಿ ‘ಕ್ವಾಕ್’ ಕೂಡ ಗಿಟಾರನ್ನು ಎದ್ದು ಕೇಳುವಂತೆ ಮಾಡುವ ಅಂಚಾಗಿಬಿಡುತ್ತದೆ.

ಪಿಕಪ್ ಕೂಗುವುದೇ ಇಲ್ಲ ಎಂದಲ್ಲ. ದೊಡ್ಡ ಒಡಲಿನ ಗಿಟಾರಿನ ಗಾಳಿ ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸಿನಲ್ಲಿ ತಾನಾಗಿಯೇ ಅನುರಣಿಸುತ್ತದೆ. ಫ್ರೆಟ್ ಒತ್ತದೆ ಮೀಟಿದ ಐದನೆಯ ತಂತಿ 110 ಹರ್ಟ್ಸ್. ಜೋರಾದ ವೇದಿಕೆಯಲ್ಲಿ ಮೊದಲು ಗುಂಯ್‌ಗುಡುವುದು ಆ ಸುತ್ತಲಿನ ಸ್ವರಗಳೇ. ರಂಧ್ರಕ್ಕೆ ರಬ್ಬರಿನ ಮುಚ್ಚಳ ಹಾಕಿದರೆ ಮುಕ್ಕಾಲು ತೊಂದರೆ ತೀರುತ್ತದೆ. ಪಿಕಪ್‌ನ ಸಂಕೇತವನ್ನು ಬಲಪಡಿಸುವ ಪ್ರೀಆಂಪ್‌ನಲ್ಲಿ, ಕೂಗುವ ಕಂಪನವನ್ನಷ್ಟೇ ತಗ್ಗಿಸುವ ನಾಚ್ ಗುಂಡಿ ಇದ್ದರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ.

ಎರಡನ್ನೂ ಒಟ್ಟಿಗೆ ಬಳಸಿದರೆ? ಬಳಸುತ್ತೇನೆ, ಆದರೆ ಸಮಸಮ ಬೆರೆಸುವುದಿಲ್ಲ. ಪಿಕಪ್‌ನ ಸಂಕೇತ ತಕ್ಷಣ ಹೊರಡುತ್ತದೆ. 30 ಸೆಂಟಿಮೀಟರ್ ಗಾಳಿ ದಾಟಿ ಮೈಕನ್ನು ಮುಟ್ಟುವ ಸದ್ದು ಸುಮಾರು 0.9 ಮಿಲಿಸೆಕೆಂಡ್ ತಡವಾಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುವ ಈ ತಡ ನಡುಮಟ್ಟದ ಕೆಲವು ಕಂಪನಗಳನ್ನು ಒಂದಕ್ಕೊಂದು ಹೊಡೆದುಹಾಕಿ ಗಿಟಾರನ್ನು ಟೊಳ್ಳಾಗಿಸುತ್ತದೆ. ಅದಕ್ಕೇ ಕೆಳಗಿನ ಸ್ವರಗಳ ಗಟ್ಟಿತನವನ್ನು ಪಿಕಪ್‌ನಿಂದ, ಮೇಲಿನ ತಿಳಿಯನ್ನು ಮೈಕಿನಿಂದ ತೆಗೆದುಕೊಳ್ಳುತ್ತೇನೆ. ಮಿಕ್ಸರಿನಲ್ಲಿ ಮೈಕಿನ ಸಾಲಿನ ಮಂದ್ರವನ್ನು ಧಾರಾಳವಾಗಿ ಕತ್ತರಿಸುತ್ತೇನೆ.

ಒಳಗಿನ ಪ್ರೀಆಂಪ್ ಬಗ್ಗೆ ಒಂದು ದೂರು ಬಾಕಿ ಇದೆ. ಕೇಬಲ್ ಸಿಕ್ಕಿಸಿದೊಡನೆ ಅದು ಚಾಲೂ ಆಗುತ್ತದೆ, ತೆಗೆಯುವವರೆಗೆ 9 ವೋಲ್ಟ್ ಬ್ಯಾಟರಿಯನ್ನು ತಿನ್ನುತ್ತಲೇ ಇರುತ್ತದೆ. ಬ್ಯಾಟರಿ ಸೋತಾಗ ಸದ್ದು ಒಮ್ಮೆಲೇ ನಿಲ್ಲುವುದಿಲ್ಲ, ಮೊದಲು ಒಡೆದು ಕೇಳುತ್ತದೆ, ಅದೂ ಜೋರಿನ ಹೊಡೆತಗಳಲ್ಲಿ. ಬಿಡುವು ಸಿಕ್ಕಾಗಲೆಲ್ಲ ಕೇಬಲ್ ಕೀಳುವುದು ನನಗೆ ಕೈಯ ಅಭ್ಯಾಸವಾಗಿದೆ. ಬ್ಯಾಟರಿಯೇ ಇಲ್ಲದ ಪೀಜೊ ಪಿಕಪ್‌ಗಳೂ ಇವೆ. ಅವುಗಳಿಗೆ 10 ಲಕ್ಷ ಓಮ್ ಅಥವಾ ಅದಕ್ಕೂ ಹೆಚ್ಚಿನ ಪ್ರತಿರೋಧದ ಇನ್‌ಪುಟ್ ಬೇಕು; ಮಿಕ್ಸರಿನ ಸಾಮಾನ್ಯ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಮಂದ್ರ ಸೋರಿಹೋಗಿ ತಗಡಿನ ಸದ್ದು ಬರುತ್ತದೆ. ಅಂಥ ಸದ್ದು ಕೇಳಿ ಪಿಕಪ್ಪನ್ನೇ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ನಡುವೆ ಒಳ್ಳೆಯ ಪ್ರೀಆಂಪ್ ಒಂದನ್ನು ಇಟ್ಟು ಕೇಳಿ.

ನಾನು ಕುಳಿತು, ಬೆರಳಿನಿಂದ, ಹೆಚ್ಚಾಗಿ ಚಿಕ್ಕ ಕೋಣೆಗಳಲ್ಲಿ ನುಡಿಸುವವನು, ಖರ್ಚಿಗೂ ಮಿತಿಯಿದೆ. ಮುಂದಿನ ಗಿಟಾರನ್ನು ಪಿಕಪ್ ಇಲ್ಲದೆಯೇ ಕೊಳ್ಳುತ್ತೇನೆ. ಪಕ್ಕದ ಮರ ಕೊಯ್ದು ಗುಂಡಿಗಳ ಪೆಟ್ಟಿಗೆ ಕೂರಿಸಿರದ ಗಿಟಾರ್ ಬೇಕು, ಉಳಿದ ಹಣ ಒಳ್ಳೆಯ ಮರಕ್ಕೆ ಹೋಗಲಿ. ಬ್ರಿಜ್‌ನ ಅಡಿಯ ಹಲಗೆಗೆ ಒಳಗಿನಿಂದ ಅಂಟಿಸುವ ಪಿಕಪ್ ಬೇಕೆನಿಸಿದಾಗ ಹಾಕಿಸಿಕೊಳ್ಳಬಹುದು. ಅದು ಸ್ಯಾಡಲಿನ ತಂಟೆಗೆ ಬರುವುದಿಲ್ಲ. ವಾರವಾರ ನಿಂತು, ಜೋರು ವಾದ್ಯವೃಂದದ ಜೊತೆ ನುಡಿಸುವವರು ಮಾತ್ರ ನನ್ನ ಮಾತು ಕೇಳದೆ ಪಿಕಪ್ ಇರುವುದನ್ನೇ ಕೊಳ್ಳಿ, ಕೊಳ್ಳುವ ಮುನ್ನ ಆ ಎರಡನೆಯ ತಂತಿಯನ್ನೊಮ್ಮೆ ಪರೀಕ್ಷಿಸಿ.