ಹಳೇ ಪೇಪರ್ ಚಂದಾದ ಜಾಡಿನಲ್ಲಿ: ಫೌಂಡರ್ಸ್ ಆನ್‌ಲೈನ್ ಜೊತೆ ಆರು ವರ್ಷ

ಫೌಂಡರ್ಸ್ ಆನ್‌ಲೈನ್ ಬಳಸಲು ಶುರು ಮಾಡಿ ಆರು ವರ್ಷವಾಯಿತು. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ 2013ರಲ್ಲಿ ತೆರೆದ ತಾಣ ಇದು. ಆ ದೇಶ ಕಟ್ಟಿದ ನಾಯಕರಾದ ವಾಷಿಂಗ್ಟನ್, ಫ್ರ್ಯಾಂಕ್ಲಿನ್, ಆಡಮ್ಸ್, ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್ ಬರೆದ ಮತ್ತು ಅವರಿಗೆ ಬಂದ ಕಾಗದಗಳನ್ನು ಇಲ್ಲಿ ಓದಬಹುದು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಬೇಡ. ಇದಕ್ಕೂ ಮೊದಲು ಬೇರೊಂದು ತಾಣಕ್ಕೆ ತಿಂಗಳ ಚಂದಾ ಕಟ್ಟುತ್ತಿದ್ದೆ. ನಿಲ್ಲಿಸಿ ಅಂದ ಮೇಲೂ ಕಾರ್ಡಿನಿಂದ ಹಣ ಹೋಯಿತು. ಹಾಗಾಗಿ ಇದು ಉಚಿತ ಅನ್ನುವುದು ನನಗೆ ದೊಡ್ಡ ವಿಷಯ.

ನನ್ನ ಕುತೂಹಲ ಚಿಕ್ಕದು. ಆ ಕಾಲದಲ್ಲಿ ಪೇಪರಿಗೆ ಯಾರು ಚಂದಾದಾರರಾಗುತ್ತಿದ್ದರು? ದೂರದ ಊರಿಗೆ ಹೇಗೆ ತರಿಸುತ್ತಿದ್ದರು? ಬೇಡವಾದರೆ ಏನು ಮಾಡುತ್ತಿದ್ದರು? ಮೊದಮೊದಲು ಸುಮ್ನೆ 'ಸಬ್‌ಸ್ಕ್ರಿಪ್ಷನ್' ಅಂತ ಹುಡುಕುತ್ತಿದ್ದೆ. ರಾಶಿ ರಾಶಿ ಬರುತ್ತಿತ್ತು. ಪುಸ್ತಕಕ್ಕೆ ಮುಂಗಡ ಕೊಡುವುದು, ಚರ್ಚ್ ಕಟ್ಟಲು ಹಣ ಎತ್ತುವುದು, ಎಲ್ಲಕ್ಕೂ ಅದೇ ಪದ. ನಾವು 'ಚಂದಾ ಎತ್ತುವುದು' ಅನ್ನುತ್ತೇವಲ್ಲ, ಹಾಗೆಯೇ. ಆಮೇಲೆ ಮುದ್ರಕರ ಹೆಸರು ಹಾಕಿ ಹುಡುಕುವುದು ಕಲಿತೆ: ಫ್ರೆನೋ, ಫೆನ್ನೋ, ಬೇಚ್, ರಿಚಿ. ಜೊತೆಗೆ ಕಾಲಘಟ್ಟವನ್ನೂ ಆರಿಸಿಕೊಂಡರೆ ಬೇಕಾದದ್ದು ಬೇಗ ಸಿಗುತ್ತದೆ.

ವರ್ಷಗಟ್ಟಲೆ ಓದಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಜೆಫರ್ಸನ್ ಸಾಕು. 1791ರ ಮೇ 15ರಂದು ಅಳಿಯ ರ್‍ಯಾಂಡಾಲ್ಫ್‌ಗೆ ಬರೆಯುತ್ತಾರೆ: ಜಾಹೀರಾತೇ ಇಲ್ಲದ ಒಂದು ಪೇಪರ್ ಹೊರಡಿಸಬೇಕು, ಅದು ಎಲ್ಲ ರಾಜ್ಯಗಳಿಗೂ ಹೋಗಬೇಕು, ಫ್ರೆನೋನನ್ನು ಒಪ್ಪಿಸಲು ನೋಡಿದೆವು, ಆಗಲಿಲ್ಲ. ಅದೇ ಜೆಫರ್ಸನ್ 1819ರ ಜನವರಿಯಲ್ಲಿ ರಾಜಕಾರಣಿ ಮೇಕನ್‌ಗೆ ಬರೆಯುವಾಗ, ಈಗ ರಿಚಿಯ ಪೇಪರ್ ಒಂದೇ ಓದುತ್ತೇನೆ, ಅದರಲ್ಲೂ ಜಾಸ್ತಿ ಜಾಹೀರಾತುಗಳನ್ನೇ, ನಂಬಬಹುದಾದ ಸತ್ಯ ಇರುವುದು ಅಲ್ಲಿ ಮಾತ್ರ ಅನ್ನುತ್ತಾರೆ. ಒಂದು ಕಾಗದ ಓದಿದ ಮೂರು ವರ್ಷದ ಮೇಲೆ ಇನ್ನೊಂದು ಸಿಕ್ಕಿತು. ಆ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ನಡುವೆ 1812ರಲ್ಲಿ ಆಡಮ್ಸ್‌ಗೆ, ಪೇಪರ್ ಬಿಟ್ಟು ಟ್ಯಾಸಿಟಸ್, ಯೂಕ್ಲಿಡ್ ಅವರ ಹಳೇ ಗ್ರಂಥ ಹಿಡಿದಿದ್ದೇನೆ, ನೆಮ್ಮದಿಯಾಗಿದ್ದೇನೆ ಅಂತಲೂ ಬರೆದಿದ್ದರು. ಏಳು ವರ್ಷದ ಮೇಲೂ ರಿಚಿಯ ಪೇಪರ್ ಮಾತ್ರ ಬಿಟ್ಟಿರಲಿಲ್ಲ.

ಕೇಳದೆ ಬರುವ ಪೇಪರಿನ ಕಥೆಯೂ ಇದೆ. 1793ರ ಆಗಸ್ಟ್ 2ರ ಸಂಪುಟ ಸಭೆಯ ಟಿಪ್ಪಣಿಯಲ್ಲಿ ಅಧ್ಯಕ್ಷ ವಾಷಿಂಗ್ಟನ್ ಅವರ ಸಿಟ್ಟು ದಾಖಲಾಗಿದೆ. ಫ್ರೆನೋ ದಿನಾ ಮೂರು ಪ್ರತಿ ಕಳಿಸುತ್ತಾನೆ, ನಾನೇನು ಅವನ ಪೇಪರ್ ಹಂಚುವವನೇ ಅನ್ನುವ ಅರ್ಥದ ಮಾತು. ಆದರೆ ಫ್ರೆನೋ ಆಮೇಲೆ ಶುರು ಮಾಡಿದ್ದ ನ್ಯಾಷನಲ್ ಗೆಜೆಟ್ ಬರುತ್ತಿದ್ದದ್ದು ವಾರಕ್ಕೆ ಎರಡೇ ಸಲ. 'ದಿನಾ' ಅನ್ನುವ ಆ ಒಂದು ಪದದಲ್ಲೇ ಅವರ ಬೇಸರ ಎಷ್ಟಿತ್ತು ಅಂತ ಗೊತ್ತಾಗುತ್ತದೆ, ಅಲ್ವಾ?

ಇವನ್ನೆಲ್ಲ ಓದುವಾಗ ಅಂಚೆ ದರ ತಲೆಯಲ್ಲಿರಬೇಕು. 1792ರ ಕಾನೂನಿನ ಪ್ರಕಾರ ಪೇಪರಿಗೆ 100 ಮೈಲಿವರೆಗೆ 1 ಸೆಂಟ್, ಅದರಾಚೆ ಒಂದೂವರೆ ಸೆಂಟ್. ಒಂದೇ ಹಾಳೆಯ ಕಾಗದಕ್ಕೆ ದೂರ ನೋಡಿ 6ರಿಂದ 25 ಸೆಂಟ್. ಪೇಪರ್ ಹಳ್ಳಿಗಳವರೆಗೆ ಮುಟ್ಟಿದ್ದರ ಗುಟ್ಟು ಇಲ್ಲೇ ಇದೆ.

ಬಳಸುವ ಮುಂಚೆ ತಿಳಿದಿರಬೇಕಾದ್ದು: ಇಲ್ಲಿರುವುದು ಅಕ್ಷರರೂಪ ಮಾತ್ರ, ಮೂಲ ಕಾಗದದ ಚಿತ್ರ ಇಲ್ಲ. 'ಅರ್ಲಿ ಆಕ್ಸೆಸ್' ಎಂದಿರುವ ಕಾಗದಗಳಿಗೆ ಸಂಪಾದಕರ ಟಿಪ್ಪಣಿ ಇನ್ನೂ ಸೇರಿರುವುದಿಲ್ಲ. ಆ ಟಿಪ್ಪಣಿಗಳೇ ನನಗೆ ಪಾಠ ಹೇಳಿದ್ದು, ಅವುಗಳನ್ನು ದಾಟಿ ಹೋಗಬೇಡಿ. ಹಳೇ ಪೇಪರಿನ ಪುಟಗಳೇ ಬೇಕಿದ್ದರೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ನೋಡಿ, ಅದೂ ಉಚಿತ. ನಾನು ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ. ಸದ್ಯ ಜೆಫರ್ಸನ್ ಅವರ ಖರ್ಚಿನ ಲೆಕ್ಕದ ಪುಸ್ತಕದಲ್ಲಿದ್ದೇನೆ. ಪೇಪರಿಗೆ ಕೊಟ್ಟ ಹಣ ಅಲ್ಲಿ ಮನೆಖರ್ಚಿನ ನಡುವೆಯೇ ಬರೆದಿದೆ.