ಹತ್ತು ಎಗಿಗಳ ಅಗ್ಗದ ಸೆಟ್: ಎರಡು ವರ್ಷ ಬಳಸಿದ ಮೇಲೆ

ಬೊಂಡಾಸ್ (ಸ್ಕ್ವಿಡ್) ಹಿಡಿಯಲು ಜಪಾನಿನಲ್ಲಿ ಬಳಸುವ, ಸಿಗಡಿಯಂತೆ ಕಾಣುವ ಗಾಳಕ್ಕೆ ಎಗಿ ಅನ್ನುತ್ತಾರೆ. ಒಳ್ಳೆಯದು ಬೇಕಂದರೆ ಒಂದಕ್ಕೇ ಸುಮಾರು 1000 ಯೆನ್. ವಾರಕ್ಕೊಂದನ್ನು ಬಂಡೆಗೆ ಕೊಟ್ಟು ಬರುವ ನನಗೆ ಅದು ಕಟ್ಟುವುದಿಲ್ಲ. ಹಾಗಾಗಿ 2000 ಯೆನ್‌ಗೆ ಹತ್ತು ಸಿಗುವ, 3.5 ಸೈಜಿನ ಸೆಟ್ ತರಿಸಿದೆ. ಹತ್ತೂ ಬೇರೆ ಬೇರೆ ಬಣ್ಣ. ಮಲ್ಪೆ ಕಡೆಯವನಿಗೆ ಇನ್ನೇನು ಬೇಕು?

ಟೋಕಿಯೋ ಹತ್ತಿರದ ಮಿಯುರಾ ಪರ್ಯಾಯ ದ್ವೀಪದ ಬ್ರೇಕ್‌ವಾಟರ್ ಮೇಲೆ ಎಲ್ಲರೂ ಹೇಳುವುದು ಬಣ್ಣದ ಮಾತೇ. ಕಲಕಿದ ನೀರಿಗೆ ಕಿತ್ತಳೆ, ರಾತ್ರಿಗೆ ಎಗಿಯ ಮೈಗೆ ಸುತ್ತಿದ ಬಟ್ಟೆಯ ಅಡಿಯಲ್ಲಿ ಕೆಂಪು ಹಾಳೆ ಇರುವುದು, ತಿಳಿನೀರಿಗೆ ಕಂದು. ಆರು ತಿಂಗಳು ಭಕ್ತಿಯಿಂದ ಪಾಲಿಸಿದೆ. ಆಮೇಲೆ ಗೊತ್ತಾಯಿತು, ಹೆಚ್ಚಿನ ಬೊಂಡಾಸ್ ಜಾತಿಗಳಿಗೆ ನಮ್ಮ ಹಾಗೆ ಬಣ್ಣ ಕಾಣುವುದೇ ಇಲ್ಲವಂತೆ. ನೆರಳು-ಬೆಳಕಿನ ವ್ಯತ್ಯಾಸ ಕಾಣುತ್ತದೆ. ಈಗಲೂ ಕಿತ್ತಳೆಯನ್ನೇ ಕಟ್ಟುತ್ತೇನೆ. ನನ್ನ ಕಣ್ಣಿಗೆ ಕಾಣುತ್ತದಲ್ವಾ, ಅದಕ್ಕೆ.

ಆ ಶರತ್ಕಾಲ ಪೂರ್ತಿ ಸಿಕ್ಕಿದ್ದು ಎರಡೇ ಎರಡು. ಪಕ್ಕದ ಅಜ್ಜ ಒಂದೇ ಹಳೇ ಎಗಿಯಲ್ಲಿ ಬಕೆಟ್ ತುಂಬಿಸುತ್ತಿದ್ದರು.

ಒಂದು ರಾತ್ರಿ ಸಿಟ್ಟು ಬಂದು ಹತ್ತನ್ನೂ ಬಾತ್‌ಟಬ್‌ಗೆ ಹಾಕಿ ನೋಡಿದೆ. ಬೊಂಡಾಸ್ ಎಗಿಯನ್ನು ಹಿಡಿಯುವುದು ನಾವು ಎಳೆಯುವಾಗ ಅಲ್ಲ, ಎಳೆದು ಬಿಟ್ಟ ಮೇಲೆ ಅದು ಮೂಗು ತಗ್ಗಿಸಿ ನಿಧಾನಕ್ಕೆ ಇಳಿಯುವಾಗ. ಸಾಮಾನ್ಯ ಎಗಿ ಒಂದು ಮೀಟರ್ ಇಳಿಯಲು ಮೂರು ಸೆಕೆಂಡು ಚಿಲ್ಲರೆ. ನನ್ನ ಸೆಟ್‌ನಲ್ಲಿ ಒಂದು ಕಲ್ಲಿನಂತೆ ಬಿತ್ತು. ಒಂದು ಮಗ್ಗುಲಾಗಿ ಮಲಗಿತು. ನೇರಳೆ ಬಣ್ಣದ್ದು ಒಣಗಿದ ಎಲೆ ಇಳಿದ ಹಾಗೆ ತೇಲಾಡುತ್ತಲೇ ಇತ್ತು. ಪೊಟ್ಟಣದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ತೂಕ! ಬಾಗಿಲಲ್ಲಿ ನಿಂತ ಹೆಂಡತಿ, “ಇದೆಂಥದ್ದು ಮಾರಾಯ್ರೆ, ಮಗು ಮಲಗಿದ ಮೇಲೆ ನೀವು ಆಡುವುದಾ?” ಅಂದಳು.

ಅಲ್ಲಿಂದ ರಿಪೇರಿ ಕೆಲಸ ಶುರು. ಹಗುರ ಇದ್ದವಕ್ಕೆ ಎದೆಯ ಸೀಸದ ಮೇಲೆ ಅಂಟಿಸುವ ಸೀಸದ ಹಾಳೆ, ಭಾರದವಕ್ಕೆ ಅರದಿಂದ ಉಜ್ಜುವುದು, ಮತ್ತೆ ಟಬ್ಬು, ಮತ್ತೆ ಎಣಿಕೆ. ಸಮುದ್ರದಿಂದ ಬಂದ ರಾತ್ರಿ ಸಿಹಿನೀರಿನಲ್ಲಿ ತೊಳೆದು, ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಬಾಲ್ಕನಿಯಲ್ಲಿ ಸಾಲಾಗಿ ನೇತು ಹಾಕುತ್ತೇನೆ. ಬಾಲದ ಸೂಜಿ ಬಾಗಿದ್ದರೆ ಇಕ್ಕಳದಲ್ಲಿ ಸರಿಮಾಡುತ್ತೇನೆ. ಆ ಸೂಜಿಗಳಿಗೆ ಹಿಂಮುಳ್ಳು ಇಲ್ಲ, ದಾರ ಸ್ವಲ್ಪ ಸಡಿಲವಾದರೂ ಬೊಂಡಾಸ್ ಜಾರಿತು. ನಿಜ ಹೇಳಬೇಕೆಂದರೆ, ಹಿಡಿಯುವುದಕ್ಕಿಂತ ಈ ಕೆಲಸವೇ ಈಗ ಜಾಸ್ತಿ ಇಷ್ಟ.

ನೇರಳೆಯದನ್ನು ಮಾತ್ರ ಮುಟ್ಟಲಿಲ್ಲ, ಸೋಮಾರಿತನ. ಮೇ ತಿಂಗಳಲ್ಲಿ ದೊಡ್ಡ ಬೊಂಡಾಸ್ ಮೊಟ್ಟೆಯಿಡಲು ದಡದ ಪಾಚಿಗೆ ಬರುತ್ತವೆ. ಅಲ್ಲಿ ನೀರು ಎರಡೇ ಮೀಟರ್, ಸರಿಯಾದ ಎಗಿಗಳೆಲ್ಲ ನೇರ ಪಾಚಿಗೆ ಸಿಕ್ಕಿಕೊಂಡವು. ಕೊನೆಗೆ ಸುಮ್ನೆ ನೇರಳೆ ಕಟ್ಟಿದೆ. ಅದು ಪಾಚಿಯ ಮೇಲೆಯೇ ತೂಗಾಡಿತು. ದಾರ ಬಿಗಿಯಾಯಿತು. 1.4 ಕೆ.ಜಿ.! ಅಂಗಿಗೆಲ್ಲ ಮಸಿ. ಕಾಂಕ್ರೀಟಿನ ಮೇಲಿನ ಮಸಿಯನ್ನು ಬಕೆಟ್ ನೀರಿನಲ್ಲಿ ತೊಳೆದು ಮನೆಗೆ ಬಂದು ಸುಕ್ಕ ಮಾಡಿದೆವು.

ಹೊಸಬರಿಗೆ ಈ ಸೆಟ್ ಬೇಡ. ಅದೇ ದುಡ್ಡಿಗೆ ಒಳ್ಳೆಯ ಎರಡು ಸಾಕು, ಒಂದು ಸಾಮಾನ್ಯದ್ದು, ಒಂದು ನಿಧಾನಕ್ಕೆ ಇಳಿಯುವುದು. ನಾನು ಮಾತ್ರ ಹೋದ ತಿಂಗಳು ಆ ನೇರಳೆಗಾಗಿಯೇ ಇನ್ನೊಂದು ಸೆಟ್ ತರಿಸಿದೆ. ಟಬ್ಬಿಗೆ ಹಾಕಿದೆ. ಈ ಸಲದ ನೇರಳೆ ಕಲ್ಲಿನಂತೆ ಬಿತ್ತು.