ತೋಳಿನ ಗ್ಲೂಕೋಸ್ ಸೆನ್ಸರ್: ಮಲೆನಾಡ ಮಳೆಯಲ್ಲಿ ಸೈಕಲ್ ತುಳಿಯುವವರಿಗೆ ಆಗುತ್ತಾ?

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತಗೊಂಡು ದಿನಾ ಸೈಕಲ್ಲಲ್ಲೇ ಕೆಲಸಕ್ಕೆ ಹೋಗುವವರಿಗೆ ಕೊಟ್ಟ ದುಡ್ಡು ಸಾರ್ಥಕ. ಬರೀ ಮೆಟ್‌ಫಾರ್ಮಿನ್ ಮಾತ್ರೆ ಮೇಲಿರುವವರಿಗೆ ಶುಗರ್ ತೀರಾ ಇಳಿಯುವುದೇ ಅಪರೂಪ. ಆ ದುಡ್ಡಲ್ಲಿ ಒಳ್ಳೆ ಮಡ್‌ಗಾರ್ಡ್ ಹಾಕಿಸಿಕೊಳ್ಳಿ.

ಇದು ತೋಳಿನ ಹಿಂಭಾಗದಲ್ಲಿ 14 ದಿನ ಅಂಟಿಕೊಂಡಿರುವ, ಮೊಬೈಲ್ ಹಿಡಿದು ಓದುವ ಮಾದರಿ. ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹಾಗಾಗಿ ಅಂಕಿ 5ರಿಂದ 15 ನಿಮಿಷ ಹಿಂದೆ ಬೀಳುತ್ತದೆ. ಮನೆಯಲ್ಲಿ ಕೂತಿದ್ದರೆ ಅದು ಲೆಕ್ಕಕ್ಕಿಲ್ಲ, ಪೆಡಲ್ ಮೇಲೆ ಕಾಲಿದ್ದಾಗ ಮಾತು ಬೇರೆ. ಶಿವಮೊಗ್ಗದ ವಿನೋಬನಗರದಿಂದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೊರಟವರು ಅರ್ಧ ದಾರಿಯಲ್ಲಿ 92 (mg/dL) ಕಂಡು ನಿರಾಳವಾದರೆ ಕೆಟ್ಟಿತು. ಅಂಕಿಯ ಪಕ್ಕ ನೇರ ಕೆಳಬಾಣ ಇದ್ದರೆ ಶುಗರ್ ನಿಮಿಷಕ್ಕೆ 2ಕ್ಕಿಂತ ಹೆಚ್ಚು ಇಳಿಯುತ್ತಿದೆ ಎಂದರ್ಥ. 10 ನಿಮಿಷದ ತಡಕ್ಕೆ 20 ಕಳೆದುಕೊಂಡು ನೋಡಿ, ಆಗಲೇ 70ರ ಅಂಚು; ಅದಕ್ಕಿಂತ ಕೆಳಗೆ ಹೋದರೆ ಶುಗರ್ ತೀರಾ ಇಳಿದಂತೆ. ಅಂಕಿಗಿಂತ ಬಾಣ ಮುಖ್ಯ. 90ರ ಕೆಳಗಿದ್ದರೆ ಎರಡು ಏಲಕ್ಕಿ ಬಾಳೆ ತಿನ್ನದೆ ಹೊರಡಬಾರದು.

ಶುಗರ್ ಇಳಿದ ಮೇಲೂ ಇದೇ ತಡ ಮೋಸ ಮಾಡುತ್ತದೆ. ಸೈಕಲ್ ನಿಲ್ಲಿಸಿ 15 ಗ್ರಾಂ ಗ್ಲೂಕೋಸ್ ಕುಡಿದರೂ ಸೆನ್ಸರ್ ಇನ್ನೂ ಕೆಳಗೇ ತೋರಿಸುತ್ತಿರುತ್ತದೆ. ಗಾಬರಿಯಾಗಿ ಮತ್ತೆ ಕುಡಿದರೆ ಊಟದ ಹೊತ್ತಿಗೆ 250 ದಾಟೀತು. 15 ನಿಮಿಷ ಕಾದು ಬೆರಳು ಚುಚ್ಚಿಯೇ ನೋಡಬೇಕು. ಮಳೆಗಾಲದಲ್ಲಿ ಗ್ಲೂಕೋಸ್ ಪುಡಿ ಡಬ್ಬಿಯಲ್ಲೇ ಗಂಟು ಕಟ್ಟುವುದರಿಂದ ಬೆಳಗ್ಗೆಯೇ ನೀರಿಗೆ ಕಲಸಿ ಬೇರೆ ಬಾಟಲಿಯಲ್ಲಿಡುವುದು ವಾಸಿ. ಕಡಲೆ ಚಿಕ್ಕಿ ಬೇಡ, ಜಿಡ್ಡಿನಿಂದಾಗಿ ಸಕ್ಕರೆ ನಿಧಾನಕ್ಕೆ ಏರುತ್ತದೆ.

ಇನ್ನು ಅಂಟು. ನೀರು ತಡೆಯುತ್ತದೆ ಅನ್ನುವುದು ಸುಳ್ಳಲ್ಲ, ಆದರೆ ಸೆನ್ಸರ್ ಕೀಳುವುದು ಮಳೆನೀರಲ್ಲ, ರೈನ್‌ಕೋಟಿನೊಳಗಿನ ಬೆವರು. ಆಷಾಢದ ಮಳೆಯಲ್ಲಿ ಒಂದು ವಾರಕ್ಕೇ ಅಂಚು ಏಳುತ್ತದೆ. ಅದಕ್ಕಿಂತ ದೊಡ್ಡ ಶತ್ರು ಬ್ಯಾಗಿನ ಪಟ್ಟಿ: ಕಳಚುವಾಗ ತೋಳಿಗುಂಟ ಜಾರಿ ಸರಿಯಾಗಿ ಸೆನ್ಸರ್ ಅಂಚಿಗೇ ಸಿಕ್ಕಿಕೊಳ್ಳುತ್ತದೆ. ಯಾವ ಕೈಯಿಂದ ಬ್ಯಾಗ್ ಮೊದಲು ಜಾರಿಸುತ್ತೀರೋ ಆ ತೋಳು ಬಿಟ್ಟು ಇನ್ನೊಂದಕ್ಕೆ ಅಂಟಿಸಿ. ಎಣ್ಣೆ ಸ್ನಾನದ ದಿನ ಅಂಟಿಸಲೇಬೇಡಿ. ಕೂದಲು ತೆಗೆದು, ಸೋಪಿನಿಂದ ತೊಳೆದು, ಸ್ಪಿರಿಟ್ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಮೇಲೊಂದು ಟೇಪ್ ಸುತ್ತುವವರು ನಡುವಿನ ಸಣ್ಣ ರಂಧ್ರ ಮುಚ್ಚಬಾರದು. ಮೊದಲ 24 ಗಂಟೆ ಅಂಕಿ ಅಲ್ಲಾಡುತ್ತಿರುತ್ತದೆ, ಆದ್ದರಿಂದ ಶನಿವಾರ ಸಂಜೆ ಹಾಕಿದರೆ ಸೋಮವಾರಕ್ಕೆ ನಂಬಬಹುದು.

ರಾತ್ರಿ ಆ ತೋಳಿನ ಮೇಲೆ ಮಲಗಿದರೆ ಸುಳ್ಳು ಲೋ (ಶುಗರ್ ಇಳಿದಿದೆ ಎಂಬ ಅಂಕಿ) ಬರುತ್ತದೆ. ಹಾಗಂತ ರಾತ್ರಿಯ ಲೋ ಎಲ್ಲವೂ ಸುಳ್ಳಲ್ಲ; ಸಂಜೆ ಜೋರು ತುಳಿದ ದಿನ ಮಧ್ಯರಾತ್ರಿಗೆ ನಿಜಕ್ಕೂ ಇಳಿಯುತ್ತದೆ. ಹೊರಡುವ ಮುಂಚೆ ಇನ್ಸುಲಿನ್ ತೊಡೆಗೆ ಚುಚ್ಚಿದ್ದರೆ ಅದು ದಾರಿಯಲ್ಲೇ ಬೇಗ ರಕ್ತಕ್ಕೆ ಸೇರಿ ಶುಗರ್ ಇಳಿಸಿಬಿಡುತ್ತದೆ, ಹೊಟ್ಟೆಗೆ ಚುಚ್ಚಿ. ಡೋಸ್ ಇಳಿಸುವುದು ಮಾತ್ರ ಡಾಕ್ಟರನ್ನು ಕೇಳಿಯೇ.

ಖರ್ಚು ಜಾಸ್ತಿಯೇ, ಒಂದು ಸೆನ್ಸರ್ ದುಡ್ಡಿಗೆ ಬೆರಳು ಚುಚ್ಚಿ ನೋಡುವ ಸ್ಟ್ರಿಪ್ ನೂರಕ್ಕೂ ಹೆಚ್ಚು ಬರುತ್ತವೆ. ತಿಂಗಳು ತಿಂಗಳೂ ಬೇಕಿಲ್ಲ. ಔಷಧಿ ಬದಲಾದಾಗ, ಶಿಫ್ಟ್ ಬದಲಾದಾಗ ಒಂದೊಂದು ಹಾಕಿ ನಿಮ್ಮ ದಾರಿಯ ಇಳಿತ ಎಲ್ಲಿ ಶುರು ಅಂತ ಬರೆದಿಟ್ಟುಕೊಂಡರೆ ಉಳಿದ ದಿನಕ್ಕೆ ಸ್ಟ್ರಿಪ್ ಸಾಕು. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ. ನಮ್ಮ ಕಡೆಯ ತೇವಕ್ಕೆ ಅವು ಬೇಗ ಕೆಡುತ್ತವೆ.

ಅವಧಿ ಮುಗಿದ ಸೆನ್ಸರನ್ನು ಎಳೆದು ಕೀಳಬೇಡಿ. ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಐದು ನಿಮಿಷ ಬಿಟ್ಟರೆ ಚರ್ಮ ಸುಲಿಯದೆ ಬರುತ್ತದೆ.